ಕೆಡುವುದು ಬಣ್ಣ ಮಾತ್ರ

'ಬಾಯಿ ಬಿಟ್ಟರೆ ಬಣ್ಣಗೇಡು' ಅನ್ನುವ ಗಾದೆ ನಮ್ಮಜ್ಜಿಯ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ನೆಂಟರ ಮನೆಗೋ ಮದುವೆ ಮಾತುಕತೆಗೋ ಹೊರಟವರನ್ನು ಹೊಸಿಲ ಹತ್ತಿರ ನಿಲ್ಲಿಸಿ ಹೇಳುತ್ತಿದ್ದಳು. ಗೊತ್ತಿಲ್ಲದ್ದನ್ನು ಗೊತ್ತು ಅನ್ನಬೇಡಿ, ಇಲ್ಲದ್ದನ್ನು ಇದೆ ಅಂತ ಕೊಚ್ಚಿಕೊಳ್ಳಬೇಡಿ ಅನ್ನುವುದು ಅವಳ ತಾತ್ಪರ್ಯ. ಸುಮ್ಮನಿದ್ದರೆ ತಿಳಿದವನ ಹಾಗೆ ಕಾಣುವವನು ಬಾಯಿ ತೆರೆದ ಕೂಡಲೇ ಬಂಡವಾಳ ಬಯಲು. ಗಾದೆಯ ಗುರಿ ಜಂಬದವರು.

ಅದೇ ಗಾದೆ ಕಷ್ಟದಲ್ಲಿರುವವರ ಬಾಯಿಗೆ ಬೀಗವಾಗಿದ್ದನ್ನು ನಾನು ಕಂಡದ್ದು ಬೆಂಗಳೂರಿನ ಒಂದು ಖಾಸಗಿ ಶಾಲೆಯ ಕಚೇರಿಯಲ್ಲಿ. ಅಲ್ಲಿ ಹನ್ನೊಂದು ವರ್ಷ ಫೀಸಿನ ಲೆಕ್ಕ ಬರೆದೆ. ಕೆಲಸ ಕಳೆದುಕೊಂಡವರು ಬಂದರೆ ಮುಖ ನೋಡುವ ಮುಂಚೆಯೇ ತಿಳಿದುಬಿಡುತ್ತಿತ್ತು. ಸಾಲಿನಲ್ಲಿ ಹಿಂದೆ ನಿಂತವರನ್ನು ಮುಂದಕ್ಕೆ ಬಿಡುತ್ತಿದ್ದರು. 'ನೀವು ಕಟ್ಟಿ, ನಂದು ಸ್ವಲ್ಪ ಹೊತ್ತಾಗತ್ತೆ' ಅನ್ನುತ್ತಿದ್ದರು. ಎಲ್ಲರೂ ಹೋದ ಮೇಲೆ ಕಿಂಡಿಗೆ ಬಗ್ಗಿ, 'ಮೇಡಂ, ಎರಡನೇ ಕಂತಿಗೆ ಇನ್ನೊಂದು ವಾರ ಟೈಮ್ ಸಿಗತ್ತಾ?' ಚೆಕ್‌ಬುಕ್ ಬಂದಿಲ್ಲ, ಬ್ಯಾಂಕಿನಲ್ಲಿ ಸರ್ವರ್ ಡೌನ್, ಊರಲ್ಲಿ ಅಪ್ಪನಿಗೆ ಹುಷಾರಿಲ್ಲ. 'ಕೆಲಸ ಹೋಯಿತು' ಅನ್ನುವ ಎರಡು ಪದ ಬಿಟ್ಟು ಮಿಕ್ಕೆಲ್ಲವನ್ನೂ ಹೇಳುತ್ತಿದ್ದರು.

ಅಂಥ ಒಬ್ಬ ತಂದೆ ಅಕ್ಟೋಬರಿನಿಂದ ಜನವರಿಯವರೆಗೆ ಹೀಗೇ ಓಡಾಡಿದರು. ಆಮೇಲೆ ಫೋನ್ ಎತ್ತುವುದನ್ನು ನಿಲ್ಲಿಸಿದರು. ಮಗಳು ನಾಲ್ಕನೇ ತರಗತಿ. ಬಾಕಿಯ ಚೀಟಿಯನ್ನು ಮಕ್ಕಳ ಡೈರಿಗೆ ಪಿನ್ ಹೊಡೆದು ಕಳಿಸುವುದು ನಮ್ಮಲ್ಲಿ ರೂಢಿಯಾಗಿತ್ತು. ಆ ಚೀಟಿಗಳಿಗೆ ಪಿನ್ ಹೊಡೆದವಳು ನಾನೇ, ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ. ಮೂರು ಚೀಟಿ ಹೋದರೂ ಮನೆಯವರ ಸಹಿ ಬರಲಿಲ್ಲ. ಕ್ಲಾಸ್ ಟೀಚರ್ ಕೇಳಿದಾಗ ಹುಡುಗಿ ಪೆನ್ಸಿಲ್ ಬಾಕ್ಸ್ ತೆರೆದಳು. ಮೂರೂ ಚೀಟಿ ಅಲ್ಲಿದ್ದವು, ಒಂದರ ಮೇಲೊಂದು, ನಾಲ್ಕು ಮಡಿಕೆಯಾಗಿ. ಡೈರಿಯ ಹಾಳೆ ಹರಿಯದ ಹಾಗೆ ಪಿನ್ನುಗಳನ್ನು ಉಗುರಿನಿಂದ ಬಿಡಿಸಿದ್ದಳು. 'ತೋರಿಸಿದ್ರೆ ಅಪ್ಪ ಊಟ ಮಾಡಲ್ಲ ಮಿಸ್' ಅಂದಳಂತೆ. ಒಂಬತ್ತು ವರ್ಷದ ಮಗುವೂ ಗಾದೆಯನ್ನು ಕಲಿತಾಗಿತ್ತು. ಮಾರ್ಚ್‌ನಲ್ಲಿ ಅವಳು ಟಿ.ಸಿ. ತೆಗೆದುಕೊಂಡು ಹೋದಳು.

ಗಾದೆಯ ಪದಗಳನ್ನು ನಾನು ಬಿಡಿಸಿ ನೋಡಿದ್ದು ಆಮೇಲೆ. ಬಣ್ಣ, ಕೇಡು ಸೇರಿ ಬಣ್ಣಗೇಡು. ಶಾಲೆಯಲ್ಲಿ ಕಲಿತ ಆದೇಶ ಸಂಧಿ, ಕಕಾರಕ್ಕೆ ಗಕಾರ. ಇದೇ ಅಚ್ಚಿನಲ್ಲಿ ಕನ್ನಡದಲ್ಲಿ ಮಾನಗೇಡು ಇದೆ, ಮರ್ಯಾದೆಗೇಡು ಇದೆ. ಬಾಯಿ ಬಿಟ್ಟರೆ ಮಾನಗೇಡು ಅನ್ನಲು ಯಾರ ಅಡ್ಡಿಯೂ ಇರಲಿಲ್ಲ. ಆದರೂ ನಮ್ಮ ಹಿರಿಯರು ಬಣ್ಣ ಅಂದರು. ಬಣ್ಣವೆಂದರೆ ಮೇಲೆ ಬಳಿದುಕೊಂಡದ್ದು. ನಾಟಕದವರು ಬಣ್ಣ ಹಚ್ಚುವುದು, ಆಟ ಮುಗಿದ ಮೇಲೆ ತೆಂಗಿನೆಣ್ಣೆ ಹಾಕಿ ಒರೆಸುವುದು ಗೊತ್ತೇ ಇದೆ. ಒರೆಸಿದ ಮೇಲೆ ಉಳಿಯುವ ಮುಖಕ್ಕೆ ಏನೂ ಆಗಿರುವುದಿಲ್ಲ. ತಿಂಗಳ ಸಂಬಳ, ಕುತ್ತಿಗೆಯ ಐಡಿ ಕಾರ್ಡು, ಕಂತಿನ ಕಾರು, ಹೆಸರುವಾಸಿ ಶಾಲೆಯ ಯೂನಿಫಾರ್ಮ್, ಇವು ನಮ್ಮ ಕಾಲದ ಬಣ್ಣ. ಕಂಪನಿ ಒಂದು ಬೆಳಿಗ್ಗೆ ಮೇಲ್ ಕಳಿಸಿ ಮನೆಗೆ ಹೋಗಿ ಅಂದಾಗಲೇ ಆ ಬಣ್ಣ ಹೋಗಿರುತ್ತದೆ. ಶಾಲೆಯಲ್ಲಿ ಬಾಯಿ ಬಿಡುವುದರಿಂದ ಹೊಸದಾಗಿ ಹೋಗುವುದು ಏನಿದೆ?

ವಿದ್ಯೆಗಾಗಿ ಕೇಳುವುದು ಈ ನಾಡಿನಲ್ಲಿ ಎಂದೂ ಅವಮಾನವಾಗಿರಲಿಲ್ಲ ಅನ್ನುವುದನ್ನೂ ಇಲ್ಲಿ ನೆನೆಯಬೇಕು. ವಾರಾನ್ನದ ಕಾಲವನ್ನು ಕಂಡವರು ನಮ್ಮ ಹಿಂದಿನ ತಲೆಮಾರಿನಲ್ಲಿ ಎಷ್ಟೋ ಜನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಅಂತ ಏಳು ಮನೆ ಗೊತ್ತುಮಾಡಿಕೊಂಡು ಓದಿದ ಹುಡುಗರು ಮುಂದೆ ಮೇಷ್ಟರಾದರು, ವಕೀಲರಾದರು. ತುಮಕೂರಿನ ಸಿದ್ಧಗಂಗೆಯಲ್ಲಿ ಇಂದಿಗೂ ಸಾವಿರಾರು ಮಕ್ಕಳು ಉಚಿತ ಊಟ ವಸತಿಯೊಂದಿಗೆ ಓದುತ್ತಾರೆ. ಅಲ್ಲಿಗೆ ಮಗುವನ್ನು ಕೈಹಿಡಿದು ಕರೆತರುವ ರೈತ ಬಾಗಿಲಲ್ಲಿ ತಲೆತಗ್ಗಿಸಿ ನಿಲ್ಲುವುದಿಲ್ಲ. ತಲೆ ತಗ್ಗಿದ್ದು ನಾವು ಶಾಲೆಯ ಫೀಸನ್ನೇ ಅಂತಸ್ತಿನ ಅಳತೆಗೋಲು ಮಾಡಿಕೊಂಡ ಮೇಲೆ.

ಕಾನೂನು ಇಲ್ಲಿ ಎಷ್ಟು ಕೈಹಿಡಿಯುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಶೇ. 25ರ ಸೀಟು ಶಾಲೆಗೆ ಸೇರುವಾಗ, ಕೆಳಗಿನ ತರಗತಿಯಲ್ಲಿ ಸಿಗುವಂಥದ್ದು. ನಾಲ್ಕನೇ ತರಗತಿಯ ನಡುವೆ ಅಪ್ಪನ ಕೆಲಸ ಹೋದರೆ ಅದು ಒದಗುವುದಿಲ್ಲ. ಮಗುವಿಗೆ ಮಾನಸಿಕ ಕಿರುಕುಳ ಕೊಡಕೂಡದು ಅಂತ ಅದೇ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಫೀಸಿನ ಬಾಕಿಗೆ ಮಗುವನ್ನು ತರಗತಿಯಲ್ಲಿ ಎದ್ದು ನಿಲ್ಲಿಸುವ ಶಾಲೆಗಳು ಅದನ್ನು ಓದಿಕೊಳ್ಳಬೇಕು. ಫೀಸು ಕಟ್ಟಲಾಗದವರ ಪ್ರಶ್ನೆ ಕೋವಿಡ್ ಕಾಲದಲ್ಲಿ ಬೀದಿಗೆ ಬಂತು. 2021ರ ಜನವರಿಯಲ್ಲಿ ರಾಜ್ಯ ಸರ್ಕಾರ ಬೋಧನಾ ಶುಲ್ಕದಲ್ಲಿ ಶೇ. 30 ಇಳಿಸಿ ಅಂದಿತು, ಹೈಕೋರ್ಟಿನಲ್ಲಿ ಅದು ಶೇ. 15ಕ್ಕೆ ಬಂತು. ಅದಕ್ಕೆ ಆಧಾರ ಅದೇ ವರ್ಷದ ಮೇ ತಿಂಗಳಲ್ಲಿ ರಾಜಸ್ಥಾನದ ಶಾಲೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಆ ತೀರ್ಪಿನ ಶೇ. 15 ಎಲ್ಲರಿಗೂ ನೆನಪಿದೆ. ಕಟ್ಟಲಾಗದ ಪೋಷಕರು ಮನವಿ ಕೊಟ್ಟರೆ ಶಾಲೆ ಅದನ್ನು ಒಂದೊಂದಾಗಿ, ಸಹಾನುಭೂತಿಯಿಂದ ಪರಿಶೀಲಿಸಬೇಕು ಅಂತಲೂ ಅದರಲ್ಲಿತ್ತು. ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು ಅದು. ಮನವಿ ಕೊಟ್ಟರೆ, ಅಂದರೆ ಬಾಯಿ ಬಿಟ್ಟರೆ.

ಬಾಯಿ ಬಿಡುವುದಕ್ಕೂ ಒಂದು ಹೊತ್ತು, ಒಂದು ಜಾಗ ಇದೆ. ಕೌಂಟರಿನಲ್ಲಿ ಕೂತ ನನ್ನಂಥವರಿಗೆ ಒಂದು ರೂಪಾಯಿ ಬಿಡುವ ಅಧಿಕಾರವೂ ಇರುವುದಿಲ್ಲ. ನಮ್ಮ ಬಹುಪಾಲು ಶಾಲೆಗಳಲ್ಲಿ ನೆರವಿಗೆ ಅಂತ ಅರ್ಜಿ ನಮೂನೆಯೂ ಇಲ್ಲ. ಕೇಳಬೇಕಾದದ್ದು ಹೆಡ್‌ಮಿಸ್ ಅಥವಾ ಟ್ರಸ್ಟಿನ ಕಾರ್ಯದರ್ಶಿಯನ್ನು. ಕೇಳಬೇಕಾದದ್ದು ಏಪ್ರಿಲ್‌ನಲ್ಲಿ, ಇಲ್ಲವೇ ಕೆಲಸ ಹೋದ ಹತ್ತು ಹದಿನೈದು ದಿನದೊಳಗೆ. ಶಾಲೆಯ ಖರ್ಚಿನಲ್ಲಿ ಮುಕ್ಕಾಲು ಪಾಲು ಟೀಚರುಗಳ ಸಂಬಳವೇ, ನಾನು ಬರೆದ ಲೆಕ್ಕದಲ್ಲಿ ಹಾಗೇ ಇತ್ತು. ಮುಂಚೆಯೇ ಗೊತ್ತಾದ ರಿಯಾಯಿತಿಯನ್ನು ಲೆಕ್ಕಕ್ಕೆ ಹೊಂದಿಸಬಹುದು. ಜನವರಿಯಲ್ಲಿ ದಿಢೀರನೆ ನಿಂತುಹೋದ ಫೀಸು ಆ ತಿಂಗಳ ಯಾರದೋ ಸಂಬಳವನ್ನು ತಡಮಾಡುತ್ತದೆ.

ಆ ತಂದೆ ಓಡಾಡಿದ ವರ್ಷವೇ, ಏಪ್ರಿಲ್ ತಿಂಗಳಲ್ಲಿ, ಒಬ್ಬ ತಾಯಿ ಬಂದಿದ್ದರು. ಕಿಂಡಿಯ ಹತ್ತಿರ ನಿಲ್ಲದೆ ಕಾರ್ಯದರ್ಶಿಯವರನ್ನು ನೋಡಬೇಕು ಅಂದರು. ಒಳಗೆ ರಸೀದಿ ಪುಸ್ತಕ ಕೊಡಲು ಹೋದಾಗ ನಾನೂ ಕೇಳಿಸಿಕೊಂಡೆ. 'ನಮ್ಮ ಮನೆಯವರ ಕೆಲಸ ಹೋಗಿದೆ ಸರ್.' ಮೊದಲ ಮಾತೇ ಅದು. ಗಂಡನ ರಿಲೀವಿಂಗ್ ಲೆಟರ್, ಗೆರೆ ಹಾಕಿದ ಹಾಳೆಯಲ್ಲಿ ಮನೆಯ ತಿಂಗಳ ಲೆಕ್ಕ. ಬಾಡಿಗೆ, ರೇಷನ್ನು, ಅತ್ತೆಯ ಮಾತ್ರೆ, ಕೊನೆಗೆ ಬ್ಲೌಸ್ ಹೊಲಿದು ತಮಗೆ ಬರುವ ದುಡ್ಡು. 'ತಿಂಗಳಿಗೆ ಮೂರು ಸಾವಿರ ಕಟ್ತೀನಿ. ಬಸ್ಸು ಬೇಡ, ನಾನೇ ಬಿಟ್ಟು ಹೋಗ್ತೀನಿ. ಮಿಕ್ಕಿದ್ದಕ್ಕೆ ನೀವೇ ಒಂದು ದಾರಿ ಹೇಳಿ.' ಧ್ವನಿ ನಡುಗುತ್ತಿತ್ತು, ಆದರೆ ಕಣ್ಣು ತಗ್ಗಿಸಲಿಲ್ಲ. ಹತ್ತು ನಿಮಿಷದಲ್ಲಿ ಅರ್ಧ ಫೀಸು ಮನ್ನಾ ಆಯಿತು. ಎಲ್ಲ ಕಡೆ ಹೀಗಾಗುತ್ತದೆ ಅಂತ ನಾನು ಹೇಳುವುದಿಲ್ಲ. ಖಡಾಖಂಡಿತ ಇಲ್ಲ ಅನ್ನುವ ಆಡಳಿತ ಮಂಡಳಿಗಳೂ ಇವೆ. ಇಲ್ಲ ಅಂದರೂ ಏಪ್ರಿಲ್‌ನಲ್ಲಿ ಇಲ್ಲ ಅಂದರೆ ಮಗುವನ್ನು ಜೂನ್‌ಗೆ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಬಹುದು, ಅದರಲ್ಲಿ ನಾಚುವಂಥದ್ದು ಏನೂ ಇಲ್ಲ.

ಬಣ್ಣಗೇಡಿನ ಭಯ ಕೇಳುವವರದು ಮಾತ್ರ ಅಂದುಕೊಂಡಿದ್ದೆ. ಆ ತಾಯಿ ಹೊರಟ ಮೇಲೆ ಕಾರ್ಯದರ್ಶಿಯವರು ನನ್ನನ್ನು ಕರೆದು, 'ಇದನ್ನ ಪೆನ್ಸಿಲಲ್ಲಿ ಬರ್ಕೊಳ್ಳಿ. ಹೊರಗೆ ಗೊತ್ತಾದ್ರೆ ಎಲ್ರೂ ಬಂದು ಕೇಳ್ತಾರೆ' ಅಂದರು. ಒಳ್ಳೆಯ ಮನುಷ್ಯ, ಒಳ್ಳೆಯ ಕೆಲಸವನ್ನೇ ಮಾಡಿದ್ದರು. ಕಷ್ಟವಿದ್ದವರು ಬಂದು ಮಾತಾಡಿ ಅಂತ ನೋಟಿಸ್ ಬೋರ್ಡಿನಲ್ಲಿ ಒಂದು ಸಾಲು ಬರೆಸೋಣ ಸರ್ ಅಂತ ನಾನು ಅಂದೇ ಕೇಳಬೇಕಿತ್ತು. ಕೇಳಲಿಲ್ಲ. ಬಾಯಿ ಬಿಡಲಾಗದೆ ಹೋದವಳು ನಾನೂ.

ಫೀಸಿನ ಲೆಡ್ಜರಿನಲ್ಲಿ ಆ ತಾಯಿಯ ಮಗನ ಹಾಳೆಯ ಮೇಲೆ ಪೆನ್ಸಿಲಿನ ಗೀಟು ಕಂಡೂ ಕಾಣದ ಹಾಗಿತ್ತು. ಅಲ್ಲಿಂದ ನಾಲ್ಕು ಹಾಳೆ ಆಚೆ, ನಾಲ್ಕನೇ ತರಗತಿಯ ಆ ಹುಡುಗಿಯ ಹೆಸರಿನ ಮುಂದೆ, ಬಾಕಿ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದೆ.