ಬಿರುಗಾಳಿ ಬೇರೆಡೆಗೆ ತಿರುಗಿದಾಗ

ಕರಾವಳಿಯಲ್ಲಿ ಹುಟ್ಟಿ ಬೆಳೆದು, ಉದ್ಯೋಗನಿಮಿತ್ತವಾಗಿ ದಿಲ್ಲಿಗೆ ಬಂದು, ಓಖ್ಲಾದ ಆಸುಪಾಸಿನಲ್ಲಿ ನೆಲಸಿರುವ ನಮ್ಮಂಥ ಕುಟುಂಬಗಳಿಗೆ ವರ್ಷದಲ್ಲಿ ಎರಡು ಬಾರಿ ಮನಸ್ಸಿನ ನೆಮ್ಮದಿ ಕೆಡುವುದುಂಟು. ಮುಂಗಾರಿಗೆ ಮುನ್ನ ಮೇ-ಜೂನ್ ತಿಂಗಳುಗಳಲ್ಲಿ ಒಮ್ಮೆ. ಮಳೆಗಾಲ ಕಳೆದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಏಳುವ ಕಾಲವದು. ಲಕ್ಷದ್ವೀಪದ ಬಳಿ ವಾಯುಭಾರ ಕುಸಿದಿದೆಯೆಂಬ ವಾರ್ತೆ ಕಿವಿಗೆ ಬಿದ್ದೊಡನೆ ಕೈ ದೂರವಾಣಿಯತ್ತ ಚಾಚುತ್ತದೆ. ಮಲ್ಪೆಯಲ್ಲಿ ನಮ್ಮವರು ಯಾರಿದ್ದಾರೆ, ಕಾಪುವಿನಲ್ಲಿ ಯಾರು, ಪಡುಬಿದ್ರಿಯಲ್ಲಿ ಯಾರು ಎಂದು ಮನಸ್ಸು ಎಣಿಸತೊಡಗುತ್ತದೆ. ಅದರೊಂದಿಗೇ ಹಳೆಯ ಬಿರುಗಾಳಿಗಳ ನೆನಪು ಒಂದರ ಹಿಂದೆ ಒಂದಾಗಿ ಬರುತ್ತದೆ. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಯ ಮೇಲೆ ಕಡಲು ನುಗ್ಗಿ ಸಾವಿರಾರು ಜನ ಮಡಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಆ ಕಡಲು ಬೇರೆ ನಮ್ಮ ಕಡಲು ಬೇರೆ ಎಂದು ತಿಳಿದಿದ್ದರೂ ಮನಸ್ಸು ತಡೆಯದೆ ಊರಿಗೆ ಕಾರ್ಡು ಬರೆದು, ಉತ್ತರಕ್ಕಾಗಿ ದಿನವೂ ಅಂಚೆಯವನ ದಾರಿ ಕಾದುದನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ.

ಹೀಗೆ ದೂರದಲ್ಲಿ ಕುಳಿತು ಕಳವಳಗೊಳ್ಳುವುದು ಧರ್ಮವೆ, ದೌರ್ಬಲ್ಯವೆ? ಭಗವಂತನನ್ನು ನಂಬಿದವನಿಗೆ ಚಿಂತೆ ತಕ್ಕುದೆ? ಈ ಪ್ರಶ್ನೆಯನ್ನು ಆಳವಾಗಿ ವಿಚಾರಿಸಬೇಕೆಂದು ನಮಗೆ ತೋರಿದುದು 2021ರ ಮೇ ತಿಂಗಳಿನಲ್ಲಿ.

ಆಗ ದಿಲ್ಲಿಯಲ್ಲಿ ಕೊರೋನಾದ ಎರಡನೆಯ ಅಲೆ. ಊರಿಗೆ ಹೋಗುವ ದಾರಿಗಳೆಲ್ಲ ಮುಚ್ಚಿದಂತಿದ್ದವು. ಅದೇ ಹೊತ್ತಿಗೆ ‘ತೌಕ್ತೆ’ ಎಂಬ ಚಂಡಮಾರುತವು ಮೇ 15 ಮತ್ತು 16ರಂದು ಕರ್ನಾಟಕದ ಕರಾವಳಿಯ ಪಕ್ಕದಲ್ಲಿಯೇ ಸಾಗಿತು. ಉಡುಪಿ ಜಿಲ್ಲೆಯ ನಾಡ ಎಂಬಲ್ಲಿ ಒಂದೇ ದಿನದಲ್ಲಿ 385 ಮಿಲಿಮೀಟರ್ ಮಳೆ ಸುರಿಯಿತು. ಕಡಲ ಕೊರೆತಕ್ಕೆ ಸಿಕ್ಕಿ ತೀರದ ಮನೆಗಳೂ ತೆಂಗಿನ ಮರಗಳೂ ರಸ್ತೆಗಳೂ ಹಾಳಾದವು. ಪಡುಬಿದ್ರಿಯಲ್ಲಿರುವ ನಮ್ಮ ಬಾಲ್ಯಸ್ನೇಹಿತರೊಬ್ಬರ ದೂರವಾಣಿ ಎರಡು ದಿನ ಸಿಗಲಿಲ್ಲ. 16ರ ರಾತ್ರಿ ಅವರ ಧ್ವನಿ ಕೇಳಿಸಿತು. “ನಮ್ಮದು ಸರಿ ಉಂಟು ಮಾರಾಯರೇ, ಕೊಟ್ಟಿಗೆಯ ಹಂಚು ನಾಲ್ಕು ಹಾರಿದೆ, ಅಷ್ಟೆ. ಆದರೆ ಕಡಲ ಬದಿಯವರದ್ದು ಕಷ್ಟ” ಎಂದರು. ಅವರ ಮೊದಲನೆಯ ಮಾತು ನಮಗೆ ಕೇಳಿಸಿತು. ಎರಡನೆಯದು ಕಿವಿಯ ಮೇಲೆಯೇ ಹಾದುಹೋಯಿತು. ಗಾಳಿ ಉತ್ತರಕ್ಕೆ ತಿರುಗಿತೆಂಬ ವಾರ್ತೆಯನ್ನು ಕೇಳಿ ಸಮಾಧಾನಪಟ್ಟು ದೇವರ ಮುಂದೆ ತುಪ್ಪದ ದೀಪವನ್ನು ಹಚ್ಚಿದೆವು.

ಉತ್ತರಕ್ಕೆ ತಿರುಗಿದ ಗಾಳಿ ಎಲ್ಲಿಗೆ ಹೋಯಿತು? 17ರ ರಾತ್ರಿ ಅದು ದೀವ್ ಮತ್ತು ಊನಾಗಳ ನಡುವೆ ಗುಜರಾತಿನ ತೀರವನ್ನು ಹೊಕ್ಕಿತು. ಅದೇ ದಿನ ಮುಂಬಯಿಯ ಆಚೆ ಕಡಲಿನಲ್ಲಿ, ತೈಲಕ್ಷೇತ್ರದ ಕೆಲಸಗಾರರು ತಂಗಿದ್ದ ಪಿ-305 ಎಂಬ ಬಾರ್ಜು ಮುಳುಗಿತು. ಅದರಲ್ಲಿದ್ದವರು 261 ಮಂದಿ. ನೌಕಾಪಡೆಯವರು ಕತ್ತಲಿನಲ್ಲಿ, ಏಳುಬೀಳುವ ಅಲೆಗಳ ನಡುವೆ ಹೋರಾಡಿ ಬಹುಮಂದಿಯನ್ನು ಬದುಕಿಸಿದರು. ಎಪ್ಪತ್ತಕ್ಕೂ ಹೆಚ್ಚು ಜನ ಮರಳಲಿಲ್ಲ.

ಮೇ 19ರಂದು ಆ ಗಾಳಿಯ ಶೇಷ ನಮ್ಮ ಓಖ್ಲಾವನ್ನೇ ಮುಟ್ಟಿತು. ಬೇಸಗೆಯ ಬೇಗೆಯಲ್ಲಿ ಬೇಯಬೇಕಾಗಿದ್ದ ದಿಲ್ಲಿಯಲ್ಲಿ ಆ ಹಗಲು ಉಷ್ಣತೆ 24 ಡಿಗ್ರಿಯನ್ನೂ ಮುಟ್ಟಲಿಲ್ಲ. ಮರುದಿನ ಬೆಳಗಿನವರೆಗಿನ 24 ಗಂಟೆಗಳಲ್ಲಿ ಸಫ್ದರ್‌ಜಂಗಿನಲ್ಲಿ 119.3 ಮಿಲಿಮೀಟರ್ ಮಳೆಯಾಯಿತು. ಮೇ ತಿಂಗಳಿನ ಮಟ್ಟಿಗೆ ಅದು ಹೊಸ ದಾಖಲೆ. ಊರಿನ ಮಳೆಗಾಲವೇ ಬಂದಿತೆಂದು ಹಿಗ್ಗಿ, ಮನೆಮಂದಿಯೆಲ್ಲ ಕುಳಿತು ಬಿಸಿ ಗೋಳಿಬಜೆ ತಿಂದೆವು. ಆಗ ವಾರ್ತೆಯಲ್ಲಿ ಬಾರ್ಜಿನಲ್ಲಿ ಮಡಿದವರ ದೇಹಗಳನ್ನು ದಡಕ್ಕೆ ತರುವ ದೃಶ್ಯ ಬಂದಿತು. ನಾಲ್ಕು ದಿನಗಳಲ್ಲಿ ಒಂದೇ ಗಾಳಿ ನಮ್ಮ ಸ್ನೇಹಿತರಿಗೆ ಭಯವಾಗಿ, ಅಪರಿಚಿತರಿಗೆ ಮರಣವಾಗಿ, ನಮಗೆ ತಂಪಾಗಿ ಬಂದಿತ್ತು. ನಾವು ಹಚ್ಚಿದ ತುಪ್ಪದ ದೀಪದ ಅರ್ಥವೇನು? ‘ನಮ್ಮ ಊರಿಗೆ ಬಾರದಿರಲಿ’ ಎಂಬ ಪ್ರಾರ್ಥನೆ ‘ಅವರ ಊರಿಗೆ ಹೋಗಲಿ’ ಎಂದಂತಾಗಲಿಲ್ಲವೆ?

ಇಲ್ಲಿ ಒಂದು ಶಂಕೆ ಏಳಬಹುದು. ಶ್ರೀಹರಿಯೊಬ್ಬನೇ ಸ್ವತಂತ್ರ, ಜೀವರು ಅಸ್ವತಂತ್ರರು. ಗಾಳಿಯೂ ಅವನ ಅಧೀನ, ಕಡಲೂ ಅವನ ಅಧೀನ. ಹೀಗಿರುವಲ್ಲಿ ನಾವು ಚಿಂತಿಸಿದರೆ ಆಗುವುದೇನು, ಚಿಂತಿಸದಿದ್ದರೆ ಹೋಗುವುದೇನು ಎಂದು ಕೆಲವರು ಕೇಳುತ್ತಾರೆ. ಮಾತಿನಲ್ಲಿ ಅರ್ಧ ಸತ್ಯವಿದೆ. ‘ನಾನು ರಾತ್ರಿಯೆಲ್ಲ ಎಚ್ಚರವಾಗಿದ್ದು ಚಿಂತಿಸಿದರೆ ಮಾತ್ರ ನನ್ನವರು ಉಳಿದಾರು’ ಎಂಬ ಭಾವ ಪ್ರೀತಿಯ ವೇಷ ತೊಟ್ಟ ಅಹಂಕಾರವೇ ಸರಿ. ಆದರೆ ಅದರಿಂದ ‘ಸುಮ್ಮನಿರುವುದೇ ಭಕ್ತಿ’ ಎಂದು ಸಾಧಿಸಲಾಗದು. ಜಗತ್ತು ಸತ್ಯ, ಜೀವಜೀವರ ಭೇದವೂ ಸತ್ಯ ಎಂಬುದು ನಮ್ಮ ಸಿದ್ಧಾಂತ. ಜಗತ್ತು ಸತ್ಯವೆಂದವನು ಪರರ ದುಃಖವೂ ಸತ್ಯವೆಂದು ಒಪ್ಪದೆ ಗತ್ಯಂತರವಿಲ್ಲ. ನನಗೆ ತಂಪಾಯಿತೆಂಬ ಕಾರಣದಿಂದ ಇನ್ನೊಬ್ಬನಿಗೆ ತಗಲಿದ ಪೆಟ್ಟು ಇಲ್ಲವಾಗದು. ಮೇಲಾಗಿ ಜೀವನು ಪರಾಧೀನನಾದರೂ ಕರ್ತೃವೇ. ಆದುದರಿಂದ ಅವನಿಗೆ ಕರ್ತವ್ಯವೆಂಬುದು ಉಳಿದೇ ಇದೆ. ನಾನಾ ಜನರ ಸೇವೆಯನ್ನು ಒಡೆಯನಿಗೆ ಸಲ್ಲಿಸಬೇಕಾದ ಕಂದಾಯದಂತೆ ತಿಳಿಯಬೇಕೆಂಬ ಶ್ರೀಮದಾಚಾರ್ಯರ ಅಭಿಪ್ರಾಯವನ್ನು ಇಲ್ಲಿ ಸ್ಮರಿಸಬೇಕು. ಕಂದಾಯವನ್ನು ಮನಸ್ಸು ಬಂದಾಗ ಕೊಡುವುದಲ್ಲ, ಅದು ಬಾಕಿ.

ಇನ್ನು ಕೆಲವರು ‘ಅವರವರ ಪ್ರಾರಬ್ಧ’ ಎಂದು ಹೇಳಿ ಮುಗಿಸುತ್ತಾರೆ. ಪ್ರಾರಬ್ಧವನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಆ ಮಾತನ್ನು ಆಡುವ ಸ್ಥಳ ಯಾವುದೆಂಬುದನ್ನು ನೋಡಬೇಕು. ನಮಗೇ ಕಷ್ಟ ಬಂದಾಗ ‘ಇದು ನನ್ನ ಪ್ರಾರಬ್ಧ’ ಎಂದುಕೊಂಡರೆ ಅದು ತಾಳ್ಮೆ. ಇನ್ನೊಬ್ಬನಿಗೆ ಕಷ್ಟ ಬಂದಾಗ ‘ಅದು ಅವನ ಪ್ರಾರಬ್ಧ’ ಎಂದರೆ ಅದು ಕೈಕಟ್ಟಿ ಕುಳಿತುಕೊಳ್ಳಲು ಹುಡುಕಿದ ನೆಪ. ಮುಳುಗುವವನ ಕಡೆಗೆ ಚಾಚಿದ ಹಗ್ಗವೂ ಅವನ ಪ್ರಾರಬ್ಧದೊಳಗೇ ಸೇರಿಲ್ಲವೆಂದು ನಾವು ಹೇಗೆ ಬಲ್ಲೆವು? ಆ ಹಗ್ಗ ನಮ್ಮ ಕೈಯಲ್ಲೇ ಇರಬಹುದಲ್ಲವೆ?

ಮಲ್ಪೆಯ ಕಡಲತೀರದ ಕಥೆಯನ್ನು ನಮ್ಮ ಮನೆಯ ಮಕ್ಕಳೂ ಬಲ್ಲರು. ದ್ವಾರಕೆಯಿಂದ ಬರುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿತು. ದಡದಲ್ಲಿದ್ದ ಶ್ರೀಮದಾಚಾರ್ಯರು ಉತ್ತರೀಯವನ್ನು ಬೀಸಿ ಅದನ್ನು ಪಾರುಮಾಡಿದರು. ಕೃತಜ್ಞನಾದ ನಾವಿಕನು ಏನು ಬೇಕಾದರೂ ಕೊಡುವೆನೆಂದಾಗ ಗೋಪೀಚಂದನದ ಹೆಂಟೆಗಳನ್ನಷ್ಟೇ ಕೇಳಿ ಪಡೆದರು. ಅವುಗಳಲ್ಲಿ ಬಲರಾಮನೂ ಶ್ರೀಕೃಷ್ಣನೂ ಇದ್ದರು. ಬಲರಾಮನು ವಡಭಾಂಡೇಶ್ವರದಲ್ಲಿ ನಿಂತನು, ಶ್ರೀಕೃಷ್ಣನು ಉಡುಪಿಗೆ ಬಂದನು. ಆಚಾರ್ಯರು ಸರ್ವಜ್ಞರು, ಹಡಗಿನಲ್ಲಿ ಯಾರಿದ್ದಾರೆಂದು ಅವರಿಗೆ ತಿಳಿದಿತ್ತು. ಆದರೆ ಹಡಗನ್ನು ನಡೆಸುತ್ತಿದ್ದವನಿಗೇ ಅದು ತಿಳಿದಿರಲಿಲ್ಲ. ಅಲ್ಪಜ್ಞರಾದ ನಾವು ಆ ನಾವಿಕನ ಸ್ಥಾನದಲ್ಲಿರುವವರು. ಆಪತ್ತಿಗೆ ಸಿಕ್ಕಿದ ಯಾವ ಹಡಗಿನಲ್ಲಿ ಏನಿದೆಯೆಂದು ನಾವು ಬಲ್ಲವರಲ್ಲ. ಪ್ರತಿಯೊಬ್ಬ ಜೀವನಲ್ಲಿಯೂ ಅಂತರ್ಯಾಮಿಯಾಗಿ ಭಗವಂತನು ನೆಲಸಿದ್ದಾನೆಂದು ನಂಬಿದವನಿಗೆ ‘ನಮ್ಮ ಊರಿನ ದೋಣಿ’, ‘ಯಾರದೋ ಬಾರ್ಜು’ ಎಂಬ ಎಣಿಕೆ ಎಷ್ಟರ ಮಟ್ಟಿಗೆ ಸಲ್ಲುತ್ತದೆ?

ಚಿಂತೆಯು ಕರ್ತವ್ಯವಾಗಿ ಮಾರ್ಪಟ್ಟರೆ ಏನಾಗುತ್ತದೆಂಬುದಕ್ಕೆ ಒಡಿಶಾ ಪ್ರತ್ಯಕ್ಷ ನಿದರ್ಶನ. 1999ರ ಅಕ್ಟೋಬರ್ 29ರಂದು ಅಲ್ಲಿಗೆ ಬಡಿದ ಮಹಾಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಆ ದುಃಖವನ್ನು ಮರೆಯದ ಜನ ತೀರದುದ್ದಕ್ಕೂ ಆಶ್ರಯ ಕಟ್ಟಡಗಳನ್ನು ಕಟ್ಟಿದರು. ಹಳ್ಳಿಹಳ್ಳಿಗೆ ಎಚ್ಚರಿಕೆ ಮುಟ್ಟುವ ಏರ್ಪಾಡು ಮಾಡಿದರು. 2019ರ ಮೇ 3ರಂದು ‘ಫನಿ’ ಪುರಿಯ ಬಳಿ ಅಪ್ಪಳಿಸುವುದಕ್ಕೆ ಮುನ್ನ ಹನ್ನೆರಡು ಲಕ್ಷದಷ್ಟು ಜನರನ್ನು ತೀರದಿಂದ ಸಾಗಿಸಲಾಗಿತ್ತು. ಮನೆಗಳು ಬಿದ್ದವು, ಮರಗಳು ಉರುಳಿದವು. ಆದರೆ ಸತ್ತವರ ಸಂಖ್ಯೆ ಸಾವಿರಗಳಿಂದ ಹತ್ತುಗಳಿಗೆ ಇಳಿದಿತ್ತು. ಕಡಲು ಕರುಣೆ ತೋರಿತೆಂದಲ್ಲ. ಮನುಷ್ಯರು ನೆನಪಿಟ್ಟುಕೊಂಡು ದುಡಿದರೆಂದು. ಆ ಎಚ್ಚರಿಕೆಗಳು ಸಿದ್ಧವಾಗುವುದು ಓಖ್ಲಾಕ್ಕೆ ದೂರವಲ್ಲದ ಲೋಧಿ ರಸ್ತೆಯ ಮೌಸಂ ಭವನದಲ್ಲಿ. ಹಳೆಯ ಬಿರುಗಾಳಿಗಳನ್ನು ನೆನೆಯುವುದರ ಸಾರ್ಥಕ್ಯ ಇದರಲ್ಲಿದೆಯೇ ಹೊರತು, ನೆನೆನೆನೆದು ಬೆಚ್ಚುವುದರಲ್ಲಿಲ್ಲ.

2023ರ ಜೂನ್ ತಿಂಗಳಿನಲ್ಲಿ ಮತ್ತೊಂದು ಚಂಡಮಾರುತ ಎದ್ದಿತು. ಬಾಂಗ್ಲಾದೇಶವು ಅದಕ್ಕೆ ಕೊಟ್ಟ ಹೆಸರು ‘ಬಿಪರ್‌ಜೋಯ್’. ವಂಗಭಾಷೆಯಲ್ಲಿ ಅದರ ಅರ್ಥ ವಿಪತ್ತು. ಮೂಲದಲ್ಲಿ ಅದು ಸಂಸ್ಕೃತದ ‘ವಿಪರ್ಯಯ’ ಶಬ್ದವೇ. ಶ್ರೀಜಯತೀರ್ಥರ ಪ್ರಮಾಣಪದ್ಧತಿಯನ್ನು ಪಾಠ ಹೇಳಿಸಿಕೊಂಡವರಿಗೆ ಸಂಶಯ, ವಿಪರ್ಯಯ ಎಂಬ ಎರಡು ಶಬ್ದಗಳು ಪರಿಚಿತ. ಹೀಗೋ ಹಾಗೋ ಎಂದು ನಿಶ್ಚಯವಾಗದ ತಿಳಿವು ಸಂಶಯ. ತಪ್ಪನ್ನೇ ನಿಶ್ಚಯವೆಂದುಕೊಂಡ ತಿಳಿವು ವಿಪರ್ಯಯ. ಬಿರುಗಾಳಿ ಬರುವವರೆಗೆ ನಮ್ಮನ್ನು ಕಾಡುವುದು ಸಂಶಯ. ಅದು ತಿರುಗಿ ಹೋದ ಮೇಲೆ ‘ಎಲ್ಲವೂ ಕ್ಷೇಮ’ ಎಂದುಕೊಳ್ಳುತ್ತೇವಲ್ಲ, ಅದು ವಿಪರ್ಯಯ. ಎರಡರಲ್ಲಿ ಹೆಚ್ಚು ಕೆಟ್ಟದ್ದು ಎರಡನೆಯದೇ. ಏಕೆಂದರೆ ಸಂಶಯ ವಿಚಾರಿಸುವಂತೆ ಮಾಡುತ್ತದೆ, ವಿಪರ್ಯಯ ವಿಚಾರವನ್ನೇ ನಿಲ್ಲಿಸುತ್ತದೆ. ಆ ಗಾಳಿಯೂ ನಮ್ಮ ತೀರದಿಂದ ದೂರದಲ್ಲಿ ಸಾಗಿ, ಜೂನ್ 15ರಂದು ಕಚ್ಛದ ಜಖೌ ಬಂದರಿನ ಬಳಿ ನೆಲಕ್ಕೆ ಬಂದಿತು.

ಇಷ್ಟೆಲ್ಲ ವಿಚಾರಿಸಿದ್ದ ನಮಗೂ ವಿಪರ್ಯಯ ತಪ್ಪಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಮರುತಿಂಗಳೇ ದಿಲ್ಲಿಯಲ್ಲಿ ಯಮುನೆ ಉಕ್ಕಿತು. ಜುಲೈ 13ರಂದು ಹಳೆಯ ರೈಲ್ವೆ ಸೇತುವೆಯ ಬಳಿ ನೀರಿನ ಮಟ್ಟ 208.66 ಮೀಟರಿಗೆ ಏರಿ, 1978ರ 207.49 ಮೀಟರಿನ ದಾಖಲೆಯನ್ನು ಮೀರಿತು. ಓಖ್ಲಾದ ನೀರು ಶುದ್ಧೀಕರಣ ಘಟಕವನ್ನೂ ಮುಚ್ಚಬೇಕಾಯಿತು. ಈಗ ಕಳವಳಗೊಳ್ಳುವ ಸರದಿ ಊರಿನವರದು. ಪಡುಬಿದ್ರಿಯ ಅದೇ ಸ್ನೇಹಿತರು ದೂರವಾಣಿಯಲ್ಲಿ ವಿಚಾರಿಸಿದಾಗ, “ನಮಗೆ ಏನೂ ತೊಂದರೆಯಿಲ್ಲ, ನಾವಿರುವುದು ಮೂರನೆಯ ಮಹಡಿ” ಎಂದು ನಕ್ಕೆವು. ಅವರು ನಗಲಿಲ್ಲ. “ನಿಮ್ಮಲ್ಲಿಗೆ ಕೆಲಸಕ್ಕೆ ಬರುವವರ ಮನೆ ಎಲ್ಲಿ ಮಾರಾಯರೇ?” ಎಂದು ಕೇಳಿದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಪಾತ್ರೆ ತೊಳೆಯಲು ಬರುವ ಹೆಂಗಸು ಮೂರು ದಿನಗಳಿಂದ ಬಂದಿರಲಿಲ್ಲ. ಹೇಳದೆ ಕೇಳದೆ ರಜೆ ಹಾಕಿದಳೆಂದು ಮನೆಯಲ್ಲಿ ಗೊಣಗುತ್ತಿದ್ದೆವು. ಮದನ್‌ಪುರ್ ಖಾದರಿನ ಕಡೆಯವಳೆಂಬುದಷ್ಟೇ ಗೊತ್ತು. ಖಾದರ್ ಎಂದರೆ ಹೊಳೆಯ ಪಕ್ಕದ ತಗ್ಗು ನೆಲವೆಂದು ಇಷ್ಟು ವರ್ಷ ಓಖ್ಲಾದಲ್ಲಿದ್ದರೂ ನಾವು ಯೋಚಿಸಿರಲಿಲ್ಲ. ಮರುದಿನ ಹುಡುಕಿಕೊಂಡು ಹೋದಾಗ ರಸ್ತೆಯ ಅಂಚಿನ ಎತ್ತರದಲ್ಲಿ ಟಾರ್ಪಾಲಿನ ಕೆಳಗೆ ಮಕ್ಕಳೊಂದಿಗೆ ಕುಳಿತಿದ್ದಳು. ಒಯ್ದಿದ್ದ ಕುಡಿಯುವ ನೀರು, ಒಣಬಟ್ಟೆ, ಅವಲಕ್ಕಿಯನ್ನು ಕೊಟ್ಟೆವು. ಅವಳು ಕೇಳಿದ ಮೊದಲ ಮಾತು, “ನಿಮ್ಮ ನಲ್ಲಿಯಲ್ಲಿ ನೀರು ಬರುತ್ತಿದೆಯೆ?” ಎಂದು. ಶುದ್ಧೀಕರಣ ಘಟಕವನ್ನು ಮುಚ್ಚಿದ ಸುದ್ದಿ ಅವಳಿಗೆ ತಲುಪಿತ್ತು. ಸಾವಿರಾರು ಕಿಲೋಮೀಟರ್ ದೂರದ ಕಡಲಿಗಾಗಿ ನಿದ್ದೆಗೆಟ್ಟ ನಾವು ಮೂರು-ನಾಲ್ಕು ಕಿಲೋಮೀಟರ್ ಆಚೆಗಿನ ಹೊಳೆಯನ್ನು ನೋಡಿರಲಿಲ್ಲ. ಮನೆಯನ್ನು ಕಳೆದುಕೊಂಡು ಕುಳಿತ ಅವಳು ನಮ್ಮ ನಲ್ಲಿಯನ್ನು ನೆನೆದಿದ್ದಳು.

ಆದುದರಿಂದ ಸ್ನೇಹಿತರಿಗಾಗಿ ಕಳವಳಗೊಳ್ಳುವುದು ತಪ್ಪೆಂದು ನಾವು ಹೇಳುವುದಿಲ್ಲ. ಪ್ರೀತಿ ಮೊದಲು ತನ್ನವರ ಬಾಗಿಲಿಗೇ ಹೋಗುತ್ತದೆ, ಅದು ಸಹಜ. ಅಲ್ಲಿಯೇ ನಿಂತುಬಿಡುವುದು ಮಾತ್ರ ದೋಷ. ತನ್ನವರು ಕ್ಷೇಮವೆಂದು ತಿಳಿದ ಘಳಿಗೆಯೇ ಇತರರ ಕಡೆಗೆ ಹೊರಳಬೇಕಾದ ಘಳಿಗೆ. ಚಿಂತೆಯಿಂದ ಬಿಡುಗಡೆಯಾದ ಮನಸ್ಸೂ ಕೈಯೂ ಆಗಲೇ ದೊರೆಯುವುದು. ಮುಂದಿನ ಸಲ ಕಡಲಿನಲ್ಲಿ ಗಾಳಿ ಎದ್ದಾಗ ಊರಿಗೆ ಅವಶ್ಯ ಮಾತನಾಡೋಣ. ಅವರ ಕ್ಷೇಮದೊಂದಿಗೆ ಕಡಲ ಬದಿಯವರ ಕ್ಷೇಮವನ್ನೂ ಕೇಳೋಣ. ಹಾರಿದ ಹಂಚಿಗೆ ನಮ್ಮಿಂದಾದುದನ್ನು ಕಳುಹಿಸೋಣ. ದೇವರ ಮುಂದೆ ನಿಂತಾಗ ‘ಇದನ್ನು ಬೇರೆಡೆಗೆ ತಿರುಗಿಸು’ ಎನ್ನದೆ, ‘ಇದರಲ್ಲಿ ಸಿಕ್ಕಿದವರು ಯಾರೇ ಇರಲಿ ಅವರನ್ನು ಕಾಪಾಡು, ನನ್ನಿಂದ ಆಗಬೇಕಾದುದನ್ನು ಮಾಡಿಸು’ ಎಂದು ಬೇಡೋಣ. ಗಾಳಿ ತಿರುಗಿತೆಂದು ಕೇಳಿದಾಗ ದೀಪ ಹಚ್ಚುವುದು ಬೇಡವೆಂದಲ್ಲ. ಹಚ್ಚಿದ ಮೇಲೆ ಅದು ಯಾರ ಮನೆಯ ಕಡೆಗೆ ತಿರುಗಿತೆಂದು ಕೇಳುವುದನ್ನು ಮರೆಯದಿರೋಣ.

ಶ್ರೀಕೃಷ್ಣಾರ್ಪಣಮಸ್ತು.