ಮೂರನೆಯ ದಿನದ ರಕ್ತ

ನಮ್ಮಣ್ಣ ಜೀವಮಾನವೆಲ್ಲ ಊಟಕ್ಕೆ ಮುನ್ನ ಎಲೆಯ ಸುತ್ತ ಪರಿಷೇಚನ ಮಾಡಿ, ಪ್ರಾಣಾಹುತಿಗಳನ್ನು ಕೊಟ್ಟು, ಒಡಲೊಳಗೆ ಅನ್ನವನ್ನು ಪಚಿಸುವ ವೈಶ್ವಾನರನು ಸಾಕ್ಷಾತ್ ಭಗವಂತನೆಂದು ನಂಬಿ ಉಂಡವನು. ಅಂಥವನ ಮೇದೋಜೀರಕ ಗ್ರಂಥಿಯ ತಲೆಯ ಭಾಗವನ್ನು, ಅದನ್ನು ತಬ್ಬಿಕೊಂಡಿದ್ದ ಕರುಳಿನ ಮೊದಲ ಸುತ್ತಿನೊಡನೆ ಕೊಯ್ದು ತೆಗೆದಾಗ, ಆ ಅಗ್ನಿಯೇ ಮನೆಗೆ ಕಿಚ್ಚಾಗಬಹುದೆಂಬ ಭಯ ನಮ್ಮೆಲ್ಲರನ್ನೂ ಹಿಡಿದಿದ್ದಿತು. 1935ರಲ್ಲಿ ನ್ಯೂಯಾರ್ಕಿನ ಅಲೆನ್ ವಿಪ್ಪಲ್ ಪ್ರಕಟಿಸಿದ ಕ್ರಮದಿಂದ ಬೆಳೆದು, ಅವನ ಹೆಸರನ್ನೇ ಇಂದಿಗೂ ಹೊತ್ತಿರುವ ಈ ಶಸ್ತ್ರಕ್ರಿಯೆಯಲ್ಲಿ, ಉಳಿದ ಗ್ರಂಥಿಯನ್ನು ಮರಳಿ ಕರುಳಿಗೆ ಹೊಲಿಯಬೇಕು. ಗ್ರಂಥಿ ಬೆಣ್ಣೆಯಂತೆ ಮೆತ್ತಗಿದ್ದು ಅದರ ನಾಳ ಕಿರಿದಾಗಿದ್ದರೆ ಹೊಲಿಗೆ ನಿಲ್ಲುವುದು ದುಸ್ತರ. ಅಲ್ಲಿಂದ ಸೋರಿದ ರಸವು ಉಂಡ ಅನ್ನವನ್ನು ಬಿಟ್ಟು ಉಂಡವನನ್ನೇ ಅರಗಿಸತೊಡಗುತ್ತದೆ.

ಮೂರನೆಯ ದಿನ ಬೆಳಗ್ಗೆ ಅವನ ತೋಳಿನಿಂದ ರಕ್ತವನ್ನು ತೆಗೆದುಕೊಂಡು ಹೋದರು. ಯಕೃತ್ತು ಸ್ರವಿಸುವ ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬುದೊಂದುಂಟು. 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಅದನ್ನು ಮೊದಲು ಗುರುತಿಸಿದರು. ಯಾವ ಕೊಯ್ತದ ಬಳಿಕವೂ ಅದು ಏರತಕ್ಕದ್ದೇ. ಎರಡು ಮೂರು ದಿನಗಳಲ್ಲಿ ಶಿಖರವನ್ನು ಮುಟ್ಟಿ ಇಳಿಯಬೇಕಾದದ್ದು ಇಳಿಯದೆ ನಿಂತರೆ ವೈದ್ಯನ ಹುಬ್ಬು ಗಂಟಿಕ್ಕುತ್ತದೆ.

ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ, ಕಾದ ಕಬ್ಬಿಣದ ಗುಂಡೇ ಅದಕ್ಕೆ ಸಾಕ್ಷಿ, ಹೊಗೆಗೆ ಹಸಿ ಸೌದೆಯ ಸಂಯೋಗ ಬೇಕು ಎಂದು ನೈಯಾಯಿಕರು ಹೇಳಿದ್ದನ್ನು ನಾನು ಅಲ್ಲಿಯವರೆಗೆ ತರ್ಕದ ಸಾಮು ಎಂದೇ ಎಣಿಸಿದ್ದೆನು. ರಕ್ತದ ಆ ಅಂಕಿಯೂ ಅಂಥದೇ ಬೆಂಕಿ. ಅದು ತಗ್ಗಿದ್ದರೆ, ಬೆಂಕಿಯಿಲ್ಲದ ಮಡುವಿನಲ್ಲಿ ಹೊಗೆಯಿಲ್ಲವೆನ್ನುವಂತೆ, ಘೋರವಾದ ಸೋರಿಕೆಯಿಲ್ಲವೆಂದು ಬಹುಮಟ್ಟಿಗೆ ನೆಚ್ಚಬಹುದು; ಹೆಚ್ಚಿದ್ದರೆ ಸೋರಿಕೆಯುಂಟೆಂದು ನಿಶ್ಚಯಿಸಲಾಗದು, ಶ್ವಾಸಕೋಶದ ಸೋಂಕಿನಿಂದಲೂ ಅದು ಏರಬಹುದು. ಸೋರಿದ ರಸ ಹೊರಬರಲೆಂದು ಹೊಟ್ಟೆಗಿಟ್ಟ ಕೊಳವೆಯ ದ್ರವದಲ್ಲಿ, ಆ ಗ್ರಂಥಿಯ ರಸದಲ್ಲಿರುವ ಅಮೈಲೇಸ್ ಎಂಬ ಕಿಣ್ವವು ರಕ್ತದ ಸಹಜಮಿತಿಯ ಮೂರುಪಟ್ಟನ್ನು ಮೀರಿದರೂ, ರೋಗಿಯ ಗತಿಯಲ್ಲಿ ಬಾಧೆ ಕಾಣದಿದ್ದರೆ ಅದನ್ನು ನಾಳವ್ರಣವೆಂದು (ಫಿಸ್ಟುಲಾ) ಕರೆಯಕೂಡದೆಂದು 2016ರಲ್ಲಿ ಈ ಶಾಸ್ತ್ರದ ತಜ್ಞರೇ ನಿರ್ಣಯಿಸಿದರು. ಚಿಹ್ನೆಯೇ ವ್ಯಾಧಿಯಲ್ಲವೆಂದು ಒಪ್ಪಿಕೊಂಡ ಈ ವಿನಯಕ್ಕೆ ನಾನು ಮನಸಾ ತಲೆಬಾಗುತ್ತೇನೆ.

ಮಧ್ಯಾಹ್ನ ಅಂಕಿ ಬಂದಿತು, ಹೆಚ್ಚಾಗಿಯೇ ಇದ್ದಿತು. "ಹಣೆಯಲ್ಲಿ ಬರೆದದ್ದನ್ನು ರಕ್ತದಲ್ಲಿ ಓದಿಬಿಟ್ಟರೇ?" ಎಂದು ಅತ್ತಿಗೆ ಕೇಳಿದಳು. ಪ್ರಾರಬ್ಧವೆಂಬುದು ಇದ್ದರೂ ಅದು ಅಂಕಿಯಾಗಿ ಯಾರ ಕೈಗೂ ಸಿಕ್ಕುವಂಥದಲ್ಲವೆಂದು ನಾನು ಬಲವಾಗಿ ನಂಬುತ್ತೇನೆ. ಮುಂದಾಗುವುದು ಸ್ಥಿರವಾಗಿ ಬರೆದಿಟ್ಟದ್ದಾದರೆ ಅದನ್ನು ಮುಂಚಿತವಾಗಿ ಅರಿಯುವುದು ಕೇವಲ ಕ್ರೌರ್ಯವಾಗುತ್ತಿದ್ದಿತು. ಇದನ್ನು ಅವಳಿಗೆ ಹೇಳಲು ನನಗೆ ಮಾತು ಒದಗಲಿಲ್ಲ. ವೈದ್ಯರು ಮಾತ್ರ, "ಕೊಳವೆ ಇರಲಿ, ನಾಳೆ ಸ್ಕ್ಯಾನ್ ಮಾಡೋಣ, ಇವತ್ತು ರಾತ್ರಿ ಗಂಟೆಗೊಮ್ಮೆ ನೋಡಬೇಕು" ಎಂದರು.

ಆ ರಾತ್ರಿ ಎರಡು ಗಂಟೆಗೆ ನನಗೆ ಎಚ್ಚರವಾದಾಗ, ಇಪ್ಪತ್ತರ ಆಸುಪಾಸಿನ ದಾದಿಯೊಬ್ಬಳು ಮಂಚದ ಪಕ್ಕದಲ್ಲಿ ಮಂಡಿಯೂರಿ, ಕೊಳವೆಯ ಸೀಸೆಯನ್ನು ದೀಪದತ್ತ ಎತ್ತಿ ಹಿಡಿದು, ಅದರೊಳಗಿನ ನೀರಿನ ಬಣ್ಣವನ್ನು ಬಹಳ ಹೊತ್ತು ನೋಡುತ್ತಿದ್ದಳು.