ಋಣ ಯಾರದು?

ಗಡಿನಾಡಿನ ಸಮ್ಮೇಳನಗಳಲ್ಲಿ ನಾವು ಮಕ್ಕಳಿಗೆ ತಪ್ಪದೆ ಹೇಳುವ ಮಾತೊಂದಿದೆ: ಕನ್ನಡವನ್ನು ಉಳಿಸಿರಿ. ಮಾತು ಸರಿಯಾದುದೇ. ಆದರೆ ಹೆಗಲಿಗೆ ಹೊರೆಯನ್ನೇರಿಸುವವರು ದಾರಿಯ ಬುತ್ತಿಯನ್ನೂ ಕಟ್ಟಿಕೊಡಬೇಕಲ್ಲವೇ?

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ ಸೇರ್ಪಡೆಯಾದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಕರ್ಯವಿರಬೇಕೆಂದು ಹೇಳಿತು. ವಿಧಿಯ ಮಾತು ಅಲ್ಲಿಗೆ ನಿಲ್ಲುತ್ತದೆ. ಮಗುವಿನ ದಾರಿ ಮುಂದೆಯೂ ಇದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಕಲಿತವರಿಗೆ ಪ್ಲಸ್ ಒನ್‌ನಲ್ಲಿ ಇಂಗ್ಲಿಷ್ ಪಠ್ಯ ಎದುರಾಗುತ್ತದೆ, ಕಚೇರಿಯಲ್ಲಿ ಮಲಯಾಳ ಎದುರಾಗುತ್ತದೆ. ಈ ಎರಡು ಹೊಳೆಗಳನ್ನು ದಾಟಿಸುವ ದೋಣಿ ಯಾರದು?

ನೆರವನ್ನು ದಾನವೆಂದು ಬಗೆಯುವುದು ನಮ್ಮಲ್ಲಿ ರೂಢಿ. ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದೆಸಿ ಸ್ಮರಣಿಕೆ ನೀಡುತ್ತೇವೆ. ನಡುಮಟ್ಟದ ಅಂಕದ ಮಗು ಸಭೆಯ ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತದೆ. ಊರಿನ ಕೈಯಾಸರೆ ಬೇಕಾದುದು ಅದಕ್ಕೇ. ನಮ್ಮ ಮಾತಿಗೆ ಓಗೊಟ್ಟು ಕನ್ನಡ ಶಾಲೆಗೆ ಮಗುವನ್ನು ಕಳುಹಿಸಿದ ಮನೆಗೆ ನಾವೇ ಋಣಿಗಳು. ಋಣ ತೀರಿಸುವುದನ್ನು ದಾನವೆನ್ನಲಾಗದು.

ತೀರಿಸುವ ಬಗೆ ಕಠಿಣವೇನಲ್ಲ. ನಮ್ಮ ಸಂಘಗಳಲ್ಲಿ ಬ್ಯಾಂಕಿನವರು, ದಾದಿಯರು, ಲೆಕ್ಕಪರಿಶೋಧಕರು, ಎಂಜಿನಿಯರುಗಳು ಇದ್ದಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಶಾಲೆಗೆ ಹೋಗಿ ಪ್ಲಸ್ ಒನ್ ಅರ್ಜಿ ತುಂಬಲು ಜೊತೆಗೆ ಕುಳಿತರೆ ಸಾಕು. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗಿರುವ ಅವಕಾಶವನ್ನೂ ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಗಳನ್ನೂ ಮೊದಲೇ ತಿಳಿಸಬೇಕು. 1916ರಲ್ಲಿ ತೆಂಗಿನ ಸಂಶೋಧನೆಗಾಗಿ ಆರಂಭವಾದ ಕೇಂದ್ರವು ಇಂದು ತೋಟದ ಬೆಳೆಗಳ ರಾಷ್ಟ್ರೀಯ ಸಂಸ್ಥೆಯಾಗಿ ನಮ್ಮೂರಿನಲ್ಲೇ ಇದೆ. ಅಡಕೆ ಬೆಳೆಗಾರರ ಕ್ಯಾಂಪ್ಕೊ 1973ರಿಂದ ನಡೆಯುತ್ತಿದೆ. ಅಲ್ಲಿ ಯಾವ ಯಾವ ವಿದ್ಯೆಯವರಿಗೆ ಕೆಲಸವಿದೆಯೆಂಬುದನ್ನು ತೋಟದ ಮನೆಯ ಮಕ್ಕಳು ಕಣ್ಣಾರೆ ಕಾಣಬೇಕು.

ಕೆಲವರಿಗೆ ರುಚಿಸದ ಮಾತೊಂದನ್ನೂ ಹೇಳಬೇಕಾಗಿದೆ. ಕನ್ನಡ, ಮಲಯಾಳ ಎರಡನ್ನೂ ಬಲ್ಲವರಿಗಾಗಿ ಈ ಜಿಲ್ಲೆಯಲ್ಲಿ ಸರಕಾರಿ ಹುದ್ದೆಗಳಿವೆ. ಮಲಯಾಳವನ್ನು ದೂರವಿಟ್ಟ ಕನ್ನಡಾಭಿಮಾನವು ಕನ್ನಡದ ಮಗುವಿನ ಅನ್ನವನ್ನೇ ದೂರವಿಟ್ಟೀತು. ಆ ಹುದ್ದೆಯಲ್ಲಿ ಕನ್ನಡ ಬಲ್ಲವರಿಲ್ಲದಿದ್ದರೆ, ಕನ್ನಡದಲ್ಲಿ ಅರ್ಜಿ ಬರೆದು ತಂದ ಮುದುಕಿಗೆ ಉತ್ತರ ಹೇಳುವವರು ಯಾರು?

ಹೀಗೆ ಬೆಳೆದವರು ಊರಿಗೆ ಮರಳಲೇಬೇಕೆಂದು ಕೇಳಬಹುದೇ? ಕೇಳಬಾರದೆಂಬುದೇ ನಮ್ಮ ಅಭಿಮತ. ಷರತ್ತು ಹಾಕಿದರೆ ನಾವು ತೀರಿಸುವ ಋಣವನ್ನೇ ಮತ್ತೆ ಮಗುವಿನ ತಲೆಗೆ ಕಟ್ಟಿದಂತಾಗುತ್ತದೆ. ಬೆಂಗಳೂರಿಗೋ ದುಬೈಗೋ ಹೋದವರು ಮನೆಯಲ್ಲಿ ಯಾವ ಭಾಷೆ ಆಡುವರೆಂಬುದು ಅವರ ಪ್ರೀತಿಗೆ ಬಿಟ್ಟದ್ದು. ಕಷ್ಟಕಾಲದಲ್ಲಿ ಕನ್ನಡ ಮಾತನಾಡುವ ಹಿರಿಯರು ಬೆನ್ನ ಹಿಂದಿದ್ದರೆಂಬ ನೆನಪು ಆ ಪ್ರೀತಿಗೆ ಬೇರಾಗಬಲ್ಲುದು.

ಈ ಸಮ್ಮೇಳನದಿಂದ ಮನೆಗೆ ಮರಳುವ ಮುನ್ನ ಸದಸ್ಯರು ತಮ್ಮ ತಮ್ಮ ವೃತ್ತಿಯನ್ನೂ ವರ್ಷಕ್ಕೆ ಶಾಲೆಗೆ ಕೊಡಬಲ್ಲ ನಾಲ್ಕು ದಿನಗಳನ್ನೂ ಸಂಘದ ಪುಸ್ತಕದಲ್ಲಿ ಬರೆದಿಡಲಿ ಎಂದು ಕೋರುತ್ತೇವೆ.